ಆರಬಾರದ ಒಲೆ ಮತ್ತು ಮೂರನೆಯ ಸ್ನಾನ

ಮೂವತ್ತೊಂದನೆಯ ವಯಸ್ಸಿಗೆ ನಿವೃತ್ತಿ ಎಂದು ಬರೆದುಕೊಳ್ಳಲು ಸಂಕೋಚವಾಗುತ್ತದೆ. ಆದರೆ ನಡೆದದ್ದು ಅದೇ. ಹೋದ ಬೇಸಿಗೆಯಲ್ಲಿ ಹೆಲೆನ್ ತನ್ನ ಒಲೆ ಅಂಗಡಿಯ ಬಾಗಿಲು ಹಾಕಿದಳು. ಅವಳ ಮೊಣಕಾಲು ನೋವು ಮತ್ತು ಹೊಗೆಯ ಬಗೆಗಿನ ಹೊಸ ನಿಯಮಗಳು ಒಂದೇ ವರ್ಷದಲ್ಲಿ ಬಂದವು, ಎರಡನ್ನೂ ಒಟ್ಟಿಗೆ ತಡೆದುಕೊಳ್ಳುವುದು ಆಗುವುದಿಲ್ಲ ಎಂದಳು. ಆರು ವರ್ಷ ಮನೆ ಬೆಚ್ಚಗಿಡುವ ಸೌದೆ ಒಲೆಗಳನ್ನು ಆಯ್ದು ಕೂರಿಸಿದ ನಾನು ಈಗ ಸಾಂಟಾ ಕ್ಲಾರಾದ ಒಂದು ಕಂಪನಿಯಲ್ಲಿ ಕಂಪ್ಯೂಟರ್ ಚಿಪ್ಪುಗಳು ಬಿಸಿಯಾಗದಂತೆ ನೋಡಿಕೊಳ್ಳುತ್ತೇನೆ. ಚಿಪ್ಪುಗಳ ಮನೆಗೆ ಬಾಗಿಲ ಅಗಲ ಅಳೆಯಬೇಕಾಗಿಲ್ಲ, ಅವುಗಳಿಗೆ ಅತ್ತೆಯರೂ ಇಲ್ಲ, ತಾಯಂದಿರೂ ಇಲ್ಲ. ಕೆಲಸ ಸುಲಭ.

ಒಲೆಯ ಕಸುಬು ಪೂರ್ತಿ ಮುಗಿದಿಲ್ಲ. ಬೆಟ್ಟದ ಮೇಲೆ ಮನೆಗಳಿರುವವರೆಗೆ, ಚಳಿಗಾಲದ ಗಾಳಿಗೆ ವಿದ್ಯುತ್ ತಂತಿ ಕಡಿದು ಬೀಳುವವರೆಗೆ, ಯಾರಾದರೂ ಒಬ್ಬರು ಈ ಕೆಲಸಕ್ಕೆ ಬರುತ್ತಲೇ ಇರುತ್ತಾರೆ. ಆ ಒಬ್ಬರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಓದಲು ಬರುವ ಸಾಧ್ಯತೆ ಎಷ್ಟು ಎಂದು ನಾನು ಲೆಕ್ಕ ಹಾಕಿಲ್ಲ. ಲೆಕ್ಕ ಹಾಕುವ ಚಪಲದಿಂದ ಆದ ಅನಾಹುತಗಳೇ ಸಾಕಷ್ಟಿವೆ.

ನಾನು ಪಾಲೋ ಆಲ್ಟೋದಲ್ಲಿ ಎಂ.ಎಸ್. ಮಾಡಿದೆ. ಕಾದ ಲೋಹದ ಹಾಳೆ ಒಮ್ಮೆಲೇ ತಣ್ಣಗಾದರೆ ಅದರೊಳಗೆ ಏನಾಗುತ್ತದೆ ಎನ್ನುವುದು ನನ್ನ ಪ್ರಬಂಧದ ವಿಷಯ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಓದು ಮುಗಿದ ಮೇಲೆ ಹನ್ನೊಂದು ಕಂಪನಿಗಳ ಸಂದರ್ಶನಕ್ಕೆ ಹೋದೆ. ಪ್ರಶ್ನೆ ಕೇಳಿದವರಿಗೆಲ್ಲ ಸರಿಯಾದ ಉತ್ತರವನ್ನೇ ಕೊಟ್ಟೆ, ಆದರೆ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಅಲ್ಲ ಎಂದು ಆಮೇಲೆ ತಿಳಿಯಿತು. ಹನ್ನೆರಡನೆಯದು ಯೂನಿವರ್ಸಿಟಿಯ ನೋಟಿಸ್ ಬೋರ್ಡಿನ ಮೇಲಿದ್ದ ಕೈಬರಹದ ಚೀಟಿ: ಶಾಖದ ಲೆಕ್ಕ ಬರುವವರು ಬೇಕು, ಕಾರು ಓಡಿಸಲು ಬರಬೇಕು. ಎಲ್ ಕಮೀನೋ ರಸ್ತೆಯಲ್ಲಿ, ಒಂದು ಇಂಡಿಯನ್ ದಿನಸಿ ಅಂಗಡಿಗೂ ಸೋಫಾ ಹೊಲಿಯುವವನ ಅಂಗಡಿಗೂ ನಡುವೆ, ಹೆಲೆನ್ ಎಂಬ ಆರಡಿ ಎತ್ತರದ ಹೆಂಗಸು ಕುಳಿತಿದ್ದಳು. ಅವಳ ಹಿಂದೆ ಎರಕದ ಕಬ್ಬಿಣದ ದೊಡ್ಡ ಒಲೆಯೊಂದು ಉರಿಯುತ್ತಿತ್ತು. ಅದರ ಮೇಲೆ ಅಡಿಗೆ ಮಾಡಬಹುದು, ಒಳಗೆ ಬ್ರೆಡ್ ಸುಡಬಹುದು, ಬೆನ್ನಿನಲ್ಲಿರುವ ತೊಟ್ಟಿಯಲ್ಲಿ ನೀರು ಕಾಯುತ್ತದೆ, ಇಡೀ ಮನೆ ಬೆಚ್ಚಗಿರುತ್ತದೆ.

"ಇದರ ಬಗ್ಗೆ ಏನು ಗೊತ್ತು?" ಎಂದಳು.

"ಸಮೀಕರಣಗಳು ಗೊತ್ತು" ಎಂದೆ.

"ಮೊದಲು ಕೈ ತೊಳೆದುಕೊಂಡು ಬೂದಿ ತೆಗೆ. ಅಲ್ಲ, ಮೊದಲು ಬೂದಿ ತೆಗೆ, ಆಮೇಲೆ ಕೈ ತೊಳೆ. ಸಮೀಕರಣ ಬಂದವರಿಗೆ ಇದನ್ನೂ ಹೇಳಬೇಕು."

ಹೀಗೆ ಕೆಲಸ ಸಿಕ್ಕಿತು. ಬೆಂಗಳೂರಿಗೆ ಬರೆದ ಏರೋಗ್ರಾಮಿನಲ್ಲಿ 'ಥರ್ಮಲ್ ಸಿಸ್ಟಮ್ಸ್ ವಿಭಾಗ' ಎಂದು ಬರೆದೆ. ಸುಳ್ಳಲ್ಲ. ಗಣೇಶನ ಹಬ್ಬಕ್ಕೆ ಸೇರುತ್ತಿದ್ದ ಕನ್ನಡದವರಿಗೂ ಅದನ್ನೇ ಹೇಳಿದೆ. ಸೌದೆ ಒಲೆ ಬೇಡ ಎಂದು ಗ್ಯಾಸ್ ಬುಕ್ ಮಾಡಿ ಮೂರು ವರ್ಷ ಕಾದಿದ್ದ ಅಮ್ಮನಿಗೆ, ಮಗಳು ಸಮುದ್ರ ದಾಟಿ ಸೌದೆ ಒಲೆಗೇ ಬಂದು ನಿಂತಳು ಎಂದು ಹೇಗೆ ಬರೆಯುವುದು? ಅಮ್ಮನಿಗೆ ಅದು ಗೊತ್ತಾದದ್ದು ಎಷ್ಟೋ ಆಮೇಲೆ, ಗ್ರಾಹಕರೊಬ್ಬರ ಮನೆಯಲ್ಲಿ ನನಗೆ ಪರಿಚಯವಾದ ರಾಧಾಬಾಯಿಯವರಿಂದ. ಅವರು ಊರಿಗೆ ವಾಪಸು ಹೋಗುವಾಗ ಬೆಂಗಳೂರಿನಲ್ಲಿ ಇಳಿದು, ವಿಳಾಸ ಹುಡುಕಿಕೊಂಡು ನಮ್ಮ ಮನೆಗೇ ಹೋಗಿದ್ದರು. ಅಮ್ಮನ ಪತ್ರದಲ್ಲಿ ಒಂದೇ ಸಾಲಿತ್ತು: 'ಒಲೆ ಕೂರಿಸುವುದರಲ್ಲಿ ಮುಚ್ಚಿಡುವಂಥದ್ದು ಏನಿತ್ತೇ?'

ಆದರೆ ಅದಕ್ಕೆ ಮುಂಚೆ ನನ್ನ ಮೊದಲ ಮನೆ.

ಲಾಸ್ ಆಲ್ಟೋಸಿನ ಒಬ್ಬ ನಿವೃತ್ತ ಸಂಗೀತ ಶಿಕ್ಷಕಿಯ ಮನೆ ಅದು. ಗೋಡೆ, ಕಿಟಕಿ, ಚಾವಣಿ, ಬಾಗಿಲ ಸಂದು, ಎಲ್ಲೆಲ್ಲಿಂದ ಎಷ್ಟೆಷ್ಟು ಶಾಖ ಸೋರುತ್ತದೆ ಎಂದು ಎರಡು ದಿನ ಅಳೆದು, ಆರು ಪುಟ ಲೆಕ್ಕ ಮಾಡಿ, ತಕ್ಕ ಒಲೆ ಆಯ್ದೆ. ಒಲೆ ಕೂರಿಸುವವನು ರಾಯ್. ಅರವತ್ತರ ಹತ್ತಿರದವನು, ಹಡಗುಕಟ್ಟೆಯಲ್ಲಿ ಕೆಲಸ ಮಾಡಿ ಬಂದವನು. ಏಳುನೂರು ಪೌಂಡಿನ ಒಲೆಯನ್ನು ಮೂವರು ಸೇರಿ ಲಾರಿಯಿಂದ ಇಳಿಸಿ ಅಂಗಳದವರೆಗೆ ತಂದರು. ರಾಯ್ ಬಾಗಿಲನ್ನು ನೋಡಿದ, ಒಲೆಯನ್ನು ನೋಡಿದ, ನನ್ನನ್ನು ನೋಡಿದ.

"ಪ್ರೊಫೆಸರ್, ಶಾಖ ಹೊರಗೆ ಹೋಗುವ ದಾರಿಯನ್ನೆಲ್ಲ ಅಳೆದಿದ್ದೀಯ. ಒಲೆ ಒಳಗೆ ಹೋಗುವ ದಾರಿಯೊಂದನ್ನು ಬಿಟ್ಟು."

ಒಲೆ ಎರಡು ದಿನ ಗುಲಾಬಿ ಗಿಡಗಳ ನಡುವೆ ಟಾರ್ಪಾಲು ಹೊದ್ದು ನಿಂತಿತ್ತು. ಕಿಟಕಿಯ ಚೌಕಟ್ಟು ಕಿತ್ತು ಒಳಗೆ ಸೇರಿಸಿದರು. ಅಂದಿನಿಂದ ಆರು ವರ್ಷವೂ ರಾಯ್‌ಗೆ ನಾನು ಪ್ರೊಫೆಸರೇ. ನನ್ನ ಹೆಸರು ನಳಿನಿ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ.

ಎರಡನೆಯ ತಪ್ಪು ಎಚ್ಚರಿಕೆಯಿಂದ ಆದದ್ದು. ಕಡಿಮೆ ಬೀಳದಿರಲಿ ಎಂದು ಲೆಕ್ಕಕ್ಕೆ ಬಂದದ್ದಕ್ಕಿಂತ ಒಂದು ಅಳತೆ ದೊಡ್ಡ ಒಲೆ ಕೊಡಿಸಿದೆ. ಮನೆಯವರಿಗೆ ಸೆಕೆ ತಡೆಯದೆ, ಒಲೆಯೊಳಗೆ ಗಾಳಿ ಬಿಡುವ ಕಿಂಡಿಯನ್ನು, ಅಂದರೆ ಗಾಳಿಬಾಯಿಯನ್ನು, ಮುಚ್ಚಿ ಉರಿ ಸಣ್ಣ ಮಾಡಿಟ್ಟರು. ಸರಿಯಾಗಿ ಉರಿಯದ ಸೌದೆಯ ಹೊಗೆ ಚಿಮಣಿಯೊಳಗೆ ಡಾಂಬರಿನ ಹಾಗೆ ಮೆತ್ತಿಕೊಂಡಿತು. ಅದಕ್ಕೆ ಬೆಂಕಿ ಹತ್ತಿದರೆ ಮನೆಯೇ ಹೋಗುತ್ತದೆ. ರಾಯ್ ಅರ್ಧ ದಿನ ಕೆರೆದು, ಒಂದು ಜಾಮ್ ಬಾಟಲಿಯ ತುಂಬ ಆ ಡಾಂಬರನ್ನು ತುಂಬಿ ನನ್ನ ಮೇಜಿನ ಮೇಲಿಟ್ಟ. ಹೆಲೆನ್ ಅದನ್ನು ಒಂದು ವರ್ಷ ತೆಗೆಯಲು ಬಿಡಲಿಲ್ಲ. "ಮೈಮುರಿದು ದುಡಿಯುವ ಸಣ್ಣ ಒಲೆ ವಾಸಿ, ಮುಖ ಊದಿಸಿಕೊಂಡು ಕೂತ ದೊಡ್ಡ ಒಲೆಗಿಂತ" ಎನ್ನುತ್ತಿದ್ದಳು. ಹೊಸಬರಿಗೆ ಈ ಕಸುಬಿನಲ್ಲಿ ನಾನು ಹೇಳಬಹುದಾದದ್ದರಲ್ಲಿ ಅರ್ಧ ಇದೇ.

ಮೂರನೆಯ ವರ್ಷ ಹೆಲೆನ್ ಕಂಪ್ಯೂಟರು ಕೊಂಡಳು. ಎರಡು ದಿನದ ಲೆಕ್ಕವನ್ನು ಎರಡು ನಿಮಿಷಕ್ಕಿಳಿಸುವ ಪ್ರೋಗ್ರಾಮು ಬರೆದೆ. ಗ್ರಾಹಕರು ರಾಯ್‌ನ ನಲವತ್ತು ವರ್ಷದ ಅನುಭವಕ್ಕಿಂತ ಕಂಪ್ಯೂಟರು ಅಚ್ಚು ಹಾಕಿಕೊಟ್ಟ, ಅಂಚಿನಲ್ಲಿ ತೂತುಗಳಿದ್ದ ಕಾಗದವನ್ನೇ ಹೆಚ್ಚು ನಂಬಿದರು. ನಾನೂ ನಂಬಿದೆ. ಗ್ರಾಹಕರ ಮನೆಯಲ್ಲಿ ನನ್ನದೊಂದು ನಿಯಮವಿತ್ತು: ಅಳತೆ ತೆಗೆಯುವುದು, ಬೇಕಾದ್ದು ಕೇಳುವುದು, ಹೊರಡುವುದು. ಕಾಫಿ ಕುಡಿಯುವುದಿಲ್ಲ, ಫೋಟೋ ಆಲ್ಬಮ್ ನೋಡುವುದಿಲ್ಲ, ನನ್ನ ವಿಷಯ ಹೇಳುವುದಿಲ್ಲ. ಇದು ವೃತ್ತಿಪರತೆ ಎಂದುಕೊಂಡಿದ್ದೆ. ಈಗ ಯೋಚಿಸಿದರೆ ಬರೀ ನಾಚಿಕೆ.

ನಾಲ್ಕನೆಯ ವರ್ಷದ ಅಕ್ಟೋಬರಿನಲ್ಲಿ ಪ್ರಕಾಶ್ ಎಂಬವರು ಫೋನು ಮಾಡಿದರು. ನಾನು ಹೆಸರು ಹೇಳಿದೆ.

"ನೀವು ಕನ್ನಡದವರಾ? ಅಯ್ಯೋ! ಒಲೆ ಅಂಗಡೀಲಿ ಏನ್ ಮಾಡ್ತಿದೀರ?"

"ಕೆಲಸ ಮಾಡುತ್ತಿದ್ದೇನೆ" ಎಂದೆ.

ಅವರು ಬೆಂಗಳೂರಿನ ಇಂಜಿನಿಯರು. ಹೆಂಡತಿ ಸುಮಿತ್ರಾ ಧಾರವಾಡದವಳು, ಔಷಧಿ ಕಂಪನಿಯ ಲ್ಯಾಬಿನಲ್ಲಿದ್ದಳು. ಕಣಿವೆಯ ದೀಪಗಳು ಚೆನ್ನಾಗಿ ಕಾಣುತ್ತವೆ ಎಂಬ ಒಂದೇ ಕಾರಣಕ್ಕೆ ಲಾಸ್ ಆಲ್ಟೋಸಿನ ಹಿಂದಿನ ಬೆಟ್ಟದ ನೆತ್ತಿಯಲ್ಲಿ ಮನೆ ಕೊಂಡಿದ್ದರು. ಮನೆ ಬೆಚ್ಚಗಾಗುವುದು, ನೀರು ಕಾಯುವುದು, ಅಡಿಗೆಯಾಗುವುದು ಎಲ್ಲವೂ ಕರೆಂಟಿನಿಂದ. ಸುಮಿತ್ರಾಗೆ ಆಗ ಏಳು ತಿಂಗಳು.

"ಹ್ವಾದ ಚಳಿಗಾಲ ನಾಕ ದಿನ ಕರೆಂಟ ಇದ್ದಿಲ್ಲ ನೋಡ್ರಿ" ಎಂದಳು ಸುಮಿತ್ರಾ. "ಹಾಲು ಫ್ರಿಜ್ಜಿನ ಹೊರಗಿಟ್ರೂ ಕೆಡಲಿಲ್ಲ, ಅಷ್ಟ ಥಂಡಿ. ನಾವೇನೋ ಜಾಕೆಟ್ ಹಾಕ್ಕೊಂಡ ಕೂತ್ವಿ. ಈ ಸಲ ಕೂಸು ಇರ್ತದ."

"ನಾನು ಹೇಳ್ದೆ, ಎರಡು ತಿಂಗಳು ಕೆಳಗಡೆ ಅಪಾರ್ಟ್‌ಮೆಂಟ್ ತಗೊಳ್ಳೋಣ ಅಂತ" ಎಂದರು ಪ್ರಕಾಶ್. "ಅತ್ತೆ ಬಿಲ್ಕುಲ್ ಬೇಡ ಅಂದ್ಬಿಟ್ರು."

ಅತ್ತೆ ಎಂದರೆ ಸುಮಿತ್ರಾಳ ತಾಯಿ ರಾಧಾಬಾಯಿ. ಮಗಳ ಬಾಣಂತನಕ್ಕೆ ಎಂದು ಧಾರವಾಡದಿಂದ ಬಂದಿದ್ದರು. ಸೀರೆಯ ಮೇಲೆ ಅಳಿಯನ ಉಲ್ಲನ್ ಕೋಟು, ಕಾಲಿಗೆ ಮೂರು ಜೊತೆ ಕಾಲುಚೀಲ.

"ಮಂದಿ ಮನ್ಯಾಗ ಬಾಣಂತನ ಮಾಡೂದಿಲ್ಲ ನಾನು" ಎಂದು ಅಳಿಯನಿಗೆ ಹೇಳಿ ನನ್ನ ಕಡೆ ತಿರುಗಿದರು. "ಏನವಾ ತಂಗಿ, ಎಷ್ಟ ಓದೀ?"

"ಎಂ.ಎಸ್."

"ಎದರಾಗ?"

"ಶಾಖದ ವಿಷಯದಲ್ಲಿ."

"ಅದಕ್ಕ ಇಲ್ಲೀತನಾ ಬರಬೇಕಾತೇನು?"

ಟೇಪು ತೆಗೆದು ಅಳೆಯಲು ಶುರುಮಾಡಿದೆ. ಬಾಗಿಲನ್ನು ಮೊದಲು ಅಳೆದೆ.

ರಾಧಾಬಾಯಿಯವರಿಗೆ ಬೇಕಾದದ್ದು ಎರಡೇ. ಬಾಣಂತಿ ಮತ್ತು ಕೂಸು ಇರುವ ಕೋಣೆ ಹಗಲಿರುಳು ಬೆಚ್ಚಗಿರಬೇಕು. ನೀರು ಯಾವಾಗಲೂ ಕಾದಿರಬೇಕು. ಕರೆಂಟು ಇರಲಿ, ಹೋಗಲಿ. ನಾನು ಒಂದು ವಾರದ ನಂತರ ನಕ್ಷೆ ತಂದು ಮೇಜಿನ ಮೇಲೆ ಹರಡಿದೆ. ಮಧ್ಯಮ ಅಳತೆಯ ಒಲೆ, ಅದರ ಬೆನ್ನಿನಿಂದ ಹೊರಟು ಟ್ಯಾಂಕಿಗೆ ಹೋಗುವ ಕೊಳವೆ, ನಡುವೆ ಒಂದು ಸಣ್ಣ ಪಂಪು. ರಾಧಾಬಾಯಿ ಕನ್ನಡಕ ಏರಿಸಿಕೊಂಡು ಪಂಪಿನ ಮೇಲೆ ಬೆರಳಿಟ್ಟರು.

"ಇದೇನು?"

"ನೀರನ್ನು ತಿರುಗಿಸುವ ಪಂಪು."

"ಕರೆಂಟ ಹ್ವಾದ್ರ ತಿರಗತದೇನು?"

ಪ್ರಕಾಶ್ ಕೆಮ್ಮಿದರು. ಸುಮಿತ್ರಾ ಕಿಟಕಿಯ ಕಡೆ ನೋಡಿದಳು. ಕರೆಂಟು ಹೋಗುತ್ತದೆ ಎಂದೇ ಒಲೆ ಕೊಳ್ಳುತ್ತಿರುವ ಮನೆಗೆ ನಾನು ಕರೆಂಟಿನ ಪಂಪು ಬರೆದು ತಂದಿದ್ದೆ. ಪ್ರೋಗ್ರಾಮು ಎಲ್ಲ ಮನೆಗೂ ಪಂಪು ಬರೆಯುತ್ತಿತ್ತು, ನಾನು ನೋಡಿರಲಿಲ್ಲ. ನಕ್ಷೆ ಮಡಿಚಿಕೊಂಡು ಹೊರಟೆ. ಎರಡನೆಯ ನಕ್ಷೆಯಲ್ಲಿ ಟ್ಯಾಂಕನ್ನು ಮೇಲಕ್ಕೆ ಏರಿಸಿದೆ. ಕಾದ ನೀರು ಹಗುರವಾಗಿ ತಾನೇ ಮೇಲೆ ಹೋಗುತ್ತದೆ, ತಣ್ಣಗಿನದು ತಾನೇ ಕೆಳಗಿಳಿಯುತ್ತದೆ.

"ಈಗ ಸರಿ ಆತು" ಎಂದರು ರಾಧಾಬಾಯಿ. "ಎಷ್ಟ ಮಂದಿ ಎರಕೋಬಹುದು?"

"ಬೆಳಗ್ಗೆ ಎರಡು ಸ್ನಾನಕ್ಕೆ ಸಾಕು. ಮೂರನೆಯವರು ಒಂದೂವರೆ ಗಂಟೆ ಕಾಯಬೇಕು."

"ಬಾಣಂತಿ ಮನ್ಯಾಗ ಎರಡ ಸ್ನಾನಕ್ಕ ನೀರಾ? ಒಬ್ಬ ಬಾಣಂತಿಗೇ ಎರಡ ಹಂಡೆ ಬೇಕು. ನಿನಗ ಯಾರ ಹೇಳಿದ್ರು ಈ ಲೆಕ್ಕ?"

"ಕಂಪ್ಯೂಟರು."

"ಅದು ಎಂದಾದ್ರೂ ಬಾಣಂತನ ಮಾಡೇದೇನು?"

ದೊಡ್ಡ ಟ್ಯಾಂಕಿಗೆ ಜಾಗವಿರಲಿಲ್ಲ. ಜಾಮ್ ಬಾಟಲಿಯನ್ನು ನೆನೆದು ಒಲೆಯ ಅಳತೆಯನ್ನೂ ನಾನು ಹೆಚ್ಚಿಸಲಿಲ್ಲ. ಮೂರನೆಯವರಿಗೆ ನೀರಿಲ್ಲ ಎಂದು ಸ್ಪಷ್ಟವಾಗಿ ಬರೆದುಕೊಟ್ಟೆ.

ಡಿಸೆಂಬರ್ ಮೊದಲ ವಾರ ಒಲೆ ಕೂತಿತು. ರಾಯ್ ನೆಲದ ಅಡಿಯ ತೊಲೆಗಳಿಗೆ ಆಸರೆ ಕೊಟ್ಟು, ಒಲೆಯ ಕೆಳಗೂ ಮುಂದೂ ಕಪ್ಪು ಕಲ್ಲಿನ ಹಾಸು ಹಾಕಿ, ಚಿಮಣಿಯನ್ನು ಚಾವಣಿಯ ನೆತ್ತಿಗಿಂತ ಎತ್ತರಕ್ಕೆ ತೆಗೆದ. ಇನ್ಸ್‌ಪೆಕ್ಟರು ಬಂದು ಒಲೆ ಪರೀಕ್ಷಿಸಿ ಸಹಿ ಹಾಕಿದ. ರಾಧಾಬಾಯಿ ಒಲೆಗೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದರು. ರಾಯ್ ಟೋಪಿ ತೆಗೆದು ನಿಂತ.

ಇಂಥ ಒಲೆಯನ್ನು ಚಳಿಗಾಲವಿಡೀ ಆರಲು ಬಿಡುವುದಿಲ್ಲ. ರಾತ್ರಿ ದಪ್ಪ ಕೊರಡು ಇಟ್ಟು ಗಾಳಿಬಾಯಿ ಸ್ವಲ್ಪವೇ ಇಳಿಸಿದರೆ ಬೆಳಗಿನವರೆಗೆ ಕೆಂಡ ಉಳಿಯುತ್ತದೆ. ಇದನ್ನೆಲ್ಲ ರಾಧಾಬಾಯಿಯವರಿಗೆಂದು ನಾನೇ ಕನ್ನಡದಲ್ಲಿ ಬರೆದೆ. ಹನ್ನೊಂದು ಸೂಚನೆಗಳು, ದುಂಡಗಿನ ಅಕ್ಷರ, ಒಂದು ಚಿತ್ತೂ ಇಲ್ಲ. ಒಂದನೆಯದು: ಒಲೆಯನ್ನು ಎಂದಿಗೂ ಆರಲು ಬಿಡಬಾರದು. ಏಳನೆಯದು: ಒಲೆಯ ಮೇಲಿನ ಕಬ್ಬಿಣದ ತಟ್ಟೆಯನ್ನು ದಿನವೂ ಬೆಳಗ್ಗೆ ಒರೆಸಿ ಶುಚಿಯಾಗಿಡಬೇಕು. ಆ ಹಾಳೆಯ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ ಅಂಗಡಿಯಲ್ಲಿ ಒಂದು ನಕಲು ಇಟ್ಟುಕೊಂಡಿದ್ದೆ. ಅಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ.

ಎಂಟನೆಯ ದಿನ ಬೆಳಗ್ಗೆ ಪ್ರಕಾಶ್ ಫೋನು ಮಾಡಿದರು.

"ನಳಿನಿ, ಒಲೆ ಸೌಂಡ್ ಮಾಡ್ತು. ಗುಂಡು ಹೊಡೆದ ಹಾಗೆ. ಇಲ್ಲ ಇಲ್ಲ, ಯಾರಿಗೂ ಏನೂ ಆಗಿಲ್ಲ. ಆದ್ರೆ ಸೀಳಿದೆ. ಹೊಗೆ ಬರ್ತಿದೆ. ಕಿಟಕಿ ಎಲ್ಲ ತೆಗೆದಿಟ್ಟಿದೀವಿ. ಇನ್ನು ಹನ್ನೆರಡೇ ದಿನ ಇರೋದು ಡ್ಯೂ ಡೇಟಿಗೆ."

ಫ್ರೀವೇ ಬಿಟ್ಟು ಬೆಟ್ಟದ ತಿರುವುಗಳನ್ನು ಏರುವಾಗ ಕಾರಣಗಳ ಪಟ್ಟಿ ಮಾಡುತ್ತ ಹೋದೆ. ಎರಕದ ದೋಷ, ಸಾಗಣೆಯ ಪೆಟ್ಟು, ರಾಯ್ ಬೋಲ್ಟು ಬಿಗಿ ಮಾಡಿದ್ದು. ನನ್ನ ಹೆಸರು ಪಟ್ಟಿಯಲ್ಲಿರಲಿಲ್ಲ.

ತಟ್ಟೆ ಮೂಲೆಯಿಂದ ಮೂಲೆಗೆ ಸೀಳಿತ್ತು. ಅದರ ಪಕ್ಕ ಒಂದು ತಂಬಿಗೆ, ಒದ್ದೆ ಅರಿವೆ, ರಂಗೋಲಿ ಪುಡಿಯ ಡಬ್ಬಿ. ರಾಧಾಬಾಯಿ ಮಡಿಸೀರೆಯಲ್ಲಿ ನಿಂತಿದ್ದರು. ಮುಖ ಸಣ್ಣದಾಗಿತ್ತು, ಆದರೆ ಕೈಯಲ್ಲಿ ನನ್ನ ಹಾಳೆ ಇತ್ತು.

"ನೀನ ಬರದೀ ನೋಡು. ದಿನಾ ಮುಂಜಾನೆ ಒರಸಬೇಕು ಅಂತ. ಒಣಾ ಅರಿವಿಲೆ ಒರಸಿದ್ರ ಅದೇನ ಶುದ್ಧ ಆಗತದೇನು? ಒಂದ ವಾರ ಹಂಗ ಬಿಟ್ಟೆ. ಇವತ್ತ ಶುಕ್ರವಾರ, ಮನಸ್ಸ ತಡೀಲಿಲ್ಲ. ನೀರ ಹಾಕಿ ಸಾರಿಸಿದೆ."

"ಒಲೆ ಬಿಸಿಯಿತ್ತಲ್ಲ ಅಮ್ಮಾ."

"ಆರಸಬ್ಯಾಡ ಅಂತ ನೀನ ಬರದೀಯಲ್ಲ! ಒಲಿ ಅಂದ್ರ ರಾತ್ರಿ ಆರತದ. ಮುಂಜಾನೆ ಸಾರಿಸಿ, ರಂಗೋಲಿ ಎಳದು, ಹಚ್ಚತಾರ. ನಿನ್ನ ಒಲಿಗೆ ಬೆಳಗ ಅನ್ನೂದ ಇಲ್ಲ. ನಾ ಯಾವಾಗ ಸಾರಿಸ್ಲಿ?"

ನಾನು ಒಂದನೆಯ ಸಾಲು ಓದಿದೆ, ಏಳನೆಯದನ್ನು ಓದಿದೆ. ಎರಡನ್ನೂ ಚಾಚೂ ತಪ್ಪದೆ ಪಾಲಿಸುವ ಹೆಂಗಸಿಗೆ ಕಾದ ಕಬ್ಬಿಣದ ಮೇಲೆ ನೀರು ಹಾಕದೆ ಬೇರೆ ದಾರಿಯಿರಲಿಲ್ಲ. ಗ್ಯಾಸು ಬರುವ ಮುಂಚೆ ನಮ್ಮ ಮನೆಯಲ್ಲಿ ಅಜ್ಜಿಯೂ ಹೀಗೆಯೇ ಸಾರಿಸುತ್ತಿದ್ದಳು. ಸಾರಿಸಿದ ಒಲೆಯ ಮೇಲೆ ಎರಡು ಎಳೆ ರಂಗೋಲಿ ಹಾಕುವುದು ನನ್ನ ಕೆಲಸವಾಗಿತ್ತು, ಅದು ಮುಗಿಯದೆ ಕಾಫಿ ಇಲ್ಲ. ಆ ಹುಡುಗಿ ಎಂ.ಎಸ್. ಮಾಡುವಾಗ ಎಲ್ಲೋ ಕಳೆದುಹೋಗಿದ್ದಳು. ಇನ್ನು ಕಾದ ಲೋಹ ಒಮ್ಮೆಲೇ ತಣ್ಣಗಾದರೆ ಎಲ್ಲಿಂದ ಎಲ್ಲಿಗೆ ಸೀಳುತ್ತದೆ ಎಂಬ ಚಿತ್ರ ನನ್ನ ಪ್ರಬಂಧದಲ್ಲೇ ಇದೆ. ರಾಧಾಬಾಯಿಯವರ ಸೀಳು ಅದಕ್ಕಿಂತ ಅಚ್ಚುಕಟ್ಟಾಗಿತ್ತು.

"ಎಲ್ಲಾರೂ ಕೂಡಿ ಅವ್ವಂದ ತಪ್ಪು ಅನ್ನಬ್ಯಾಡ್ರಿ" ಎಂದಳು ಸುಮಿತ್ರಾ. ಕುರ್ಚಿಯಲ್ಲಿ ಜಾಕೆಟ್ ಹಾಕಿಕೊಂಡು ಕೂತಿದ್ದಳು. "ಮುಂಜಾನಿಂದ ಊಟ ಮಾಡಿಲ್ಲ ಆಕಿ."

ಕೆಂಡವನ್ನೆಲ್ಲ ಬಕೆಟ್ಟಿಗೆ ತೆಗೆದು ಒಲೆ ಆರಿಸಿ ಬಂದೆ.

ಅಂಗಡಿಗೆ ಬಂದು ತಯಾರಕರಿಗೆ ಕಳಿಸುವ ಫಾರಂ ಬಿಚ್ಚಿದೆ. ಒಡೆದದ್ದಕ್ಕೆ ಕಾರಣ ಎಂಬ ಕಡೆ 'ಬಳಸುವವರು ನೀರು ಸುರಿದದ್ದು' ಎಂದು ಬರೆದೆ. ಅದೂ ಸುಳ್ಳಲ್ಲ, 'ಥರ್ಮಲ್ ಸಿಸ್ಟಮ್ಸ್ ವಿಭಾಗ' ಸುಳ್ಳಲ್ಲದ ಹಾಗೆ. ಹೆಲೆನ್ ಎದುರಿಗೆ ಒಲೆಯ ಮೇಲಿನ ಕೆಟಲಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದಳು. ಆ ಫಾರಂ ಹರಿದು ಇನ್ನೊಂದು ತೆಗೆದು, 'ಸೂಚನೆ ಬರೆದವಳ ತಪ್ಪು' ಎಂದು ಬರೆದು ಅವಳ ಮುಂದಿಟ್ಟೆ.

"ಏನು ಬರೆದಿದ್ದೆ ಸೂಚನೆಯಲ್ಲಿ?"

ಒಂದನ್ನೂ ಏಳನ್ನೂ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಶುಕ್ರವಾರವನ್ನು ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು.

"ಕಾಲೇಜಿನಲ್ಲಿ ಆರು ವರ್ಷ ಓದಿದೆ ಅಂದಿದ್ದೆಯಲ್ಲ?"

"ಹೌದು."

"ಇನ್ನೊಂದು ವರ್ಷ ಓದಿದ್ದರೆ ಏಳನೆಯ ಸಾಲು ಸರಿಹೋಗುತ್ತಿತ್ತೇನೋ." ಅವಳು ಚಹಾ ಮುಗಿಸಿದಳು. "ಹೊಸ ತಟ್ಟೆ ಹಡಗಿನಲ್ಲಿ ಬರಲು ಏಳು ವಾರ. ಮಗು ಏಳು ವಾರ ಕಾಯುತ್ತದಾ?"

"ಹನ್ನೆರಡು ದಿನ."

ಹೆಲೆನ್ ಎದ್ದು ಕೆಟಲನ್ನು ತೆಗೆದು ನೆಲದ ಮೇಲಿಟ್ಟಳು. "ರಾಯ್, ಇದಕ್ಕೆ ಇನ್ನು ಸೌದೆ ಹಾಕಬೇಡ" ಎಂದಳು.

ಅಂಗಡಿಯ ಆ ಒಲೆ ಪ್ರತಿ ವರ್ಷ ಚಳಿಗಾಲದ ಮೊದಲ ಮಳೆಗೆ ಹೊತ್ತಿಸಿದರೆ ವಸಂತದವರೆಗೆ ಆರಿದ್ದೇ ಇಲ್ಲ ಎನ್ನುವುದು ಅವಳ ಹೆಮ್ಮೆ. ಬಂದವರಿಗೆಲ್ಲ ಮೊದಲು ಅದನ್ನೇ ಹೇಳುತ್ತಿದ್ದಳು. ಅದರ ತಟ್ಟೆಯೂ ಬೆಟ್ಟದ ಮನೆಯ ಒಲೆಯ ತಟ್ಟೆಯೂ ಒಂದೇ ಅಳತೆ. ಮರುದಿನ ಅದನ್ನು ಬಿಚ್ಚಿದೆವು. ಫೆಬ್ರವರಿಯವರೆಗೆ ನಾವೆಲ್ಲ ಕೋಟು ಹಾಕಿಕೊಂಡು, ಬಾಯಿಂದ ಹಬೆ ಬಿಡುತ್ತ, ಮನೆ ಬೆಚ್ಚಗಿಡುವ ಒಲೆಗಳನ್ನು ಮಾರಿದೆವು. ನನ್ನ ಮೇಜನ್ನು ಬಾಗಿಲ ಪಕ್ಕಕ್ಕೆ ಸರಿಸಲಾಯಿತು. ಹೆಲೆನ್ ಅದಕ್ಕೆ ಕಾರಣ ಕೊಡಲಿಲ್ಲ, ನಾನೂ ಕೇಳಲಿಲ್ಲ.

ತಟ್ಟೆ ಹೊತ್ತು ರಾಯ್ ಮತ್ತು ನಾನು ಬೆಟ್ಟ ಹತ್ತಿದೆವು. ಕೂರಿಸಿ ಬೋಲ್ಟು ಬಿಗಿದ ಮೇಲೆ ನಾನು ಬೆಂಕಿಪೆಟ್ಟಿಗೆ ತೆಗೆದೆ.

"ತಡಿ" ಎಂದರು ರಾಧಾಬಾಯಿ. "ಈಗ ತಣ್ಣಗದ ಹೌದಲ್ಲೊ? ಬಾಜೂಕ ಸರೀರಿ ಇಬ್ರೂ."

ತಂಬಿಗೆ ನೀರು, ಅರಿವೆ. ಮೂಲೆ ಬಿಡದೆ ಸಾರಿಸಿದರು, ಒಣಗಲು ಬಿಟ್ಟರು, ಮೇಲೆ ಒಂದು ಚಿಕ್ಕ ರಂಗೋಲಿ ಎಳೆದರು. ರಾಯ್ ಅರ್ಧ ಗಂಟೆ ಸ್ಪ್ಯಾನರು ಹಿಡಿದು ನಿಂತಿದ್ದ.

"ಪ್ರೊಫೆಸರ್, ಇದು ಇನ್ಸ್‌ಪೆಕ್ಷನ್ನಾ?"

"ಹೌದು" ಎಂದೆ.

"ಪಾಸಾದೆವಾ?"

ರಾಧಾಬಾಯಿ ಬೆಂಕಿಪೆಟ್ಟಿಗೆಗೆ ಕೈಚಾಚಿದರು.

ಅವತ್ತು ಅಡಿಗೆಮನೆಯಲ್ಲೇ ಒಂದು ಒಪ್ಪಂದವಾಯಿತು. ದಿನವೂ ಸಾರಿಸಿ ರಂಗೋಲಿ ಹಾಕುವುದು ಒಲೆಯ ಮುಂದಿನ ಕಲ್ಲುಹಾಸಿನ ಮೇಲೆ. ಕಬ್ಬಿಣಕ್ಕೆ ಒಣ ಬ್ರಷ್ ಮಾತ್ರ. ಒಲೆಯನ್ನೇ ಆರಿಸಿ ಸಾರಿಸುವುದು ಪ್ರತಿ ಶುಕ್ರವಾರ ಎಂದರು ಅವರು, ವರ್ಷಕ್ಕೊಮ್ಮೆ ಎಂದೆ ನಾನು, ಅಮಾವಾಸ್ಯೆಗೆ ಒಮ್ಮೆ ಎಂದು ಇತ್ಯರ್ಥವಾಯಿತು. ಆ ಹಾಳೆಯನ್ನು ಮತ್ತೆ ಬರೆದೆ. ಈ ಸಲ ರಾಧಾಬಾಯಿಯವರು ಹೇಳಿದ ಹಾಗೆ.

ಆಮೇಲೆ ನನ್ನ ಕೆಲಸದ ಕ್ರಮವೂ ಬದಲಾಯಿತು. ಯಾವ ಮನೆಗೆ ಹೋದರೂ ಟೇಪು ತೆಗೆಯುವ ಮುಂಚೆ ಒಂದು ಪ್ರಶ್ನೆ ಕೇಳುತ್ತಿದ್ದೆ: ಬೆಳಗ್ಗೆ ಎದ್ದು ಒಲೆಯ ಹತ್ತಿರ ಬಂದಾಗ ಮೊದಲು ಏನು ಮಾಡುತ್ತೀರಿ? ಒಬ್ಬ ನಿವೃತ್ತ ನ್ಯಾಯಾಧೀಶರು ತುಂಬ ಯೋಚಿಸಿ, ಅದರ ಮೇಲೆ ಕಾಲುಚೀಲ ಒಣಗಿಸುತ್ತೇನೆ ಎಂದರು. ಒಬ್ಬಾಕೆ ಹಿಟ್ಟು ಹುದುಗು ಬರಲು ಇಡುತ್ತಿದ್ದಳು. ಒಬ್ಬರ ಮನೆಯಲ್ಲಿ ಒಲೆಯ ಮೇಲಿನ ಜಾಗವೆಲ್ಲ ಬೆಕ್ಕಿನದು. ಕಾಲುಚೀಲಕ್ಕೊಂದು ಒಲೆ, ಬೆಕ್ಕಿಗೊಂದು ಒಲೆ. ಪ್ರೋಗ್ರಾಮಿನಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ, ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದೆ.

ಆ ಡಿಸೆಂಬರಿನ ಕೊನೆಗೆ ಸುಮಿತ್ರಾಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೂರನೆಯ ದಿನ ಗಾಳಿ ಮಳೆ ಬಂತು. ರೇಡಿಯೋದಲ್ಲಿ ಬೆಟ್ಟದ ಮೇಲೆಲ್ಲ ಕರೆಂಟು ಹೋಗಿದೆ ಎಂದರು. ಫೋನು ಮಾಡಿದರೆ ಫೋನೂ ಸತ್ತಿತ್ತು. ಹೆಲೆನ್ ನನ್ನ ಮುಖ ನೋಡಿ ಲಾರಿಯ ಬೀಗದ ಕೈ ಎಸೆದಳು. ಅವರ ಮನೆಗೆ ಅರ್ಧ ಮೈಲಿ ಇರುವಾಗ ರಸ್ತೆಗೆ ಅಡ್ಡವಾಗಿ ಮರ ಬಿದ್ದಿತ್ತು. ಲಾರಿ ನಿಲ್ಲಿಸಿ ನಡೆದೆ. ಛತ್ರಿ ಎರಡನೆಯ ತಿರುವಿನಲ್ಲೇ ಹಾರಿಹೋಯಿತು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಆ ಕೋಣೆಯ ಉಷ್ಣಾಂಶ. ಟ್ಯಾಂಕು ಸಾಕಷ್ಟು ಎತ್ತರದಲ್ಲಿದೆಯೇ, ಗಾಳಿ ಹೊಗೆಯನ್ನು ಕೆಳಗೆ ನೂಕುತ್ತಿದೆಯೇ, ತಟ್ಟೆ ತಡೆದಿದೆಯೇ. ಚಿಮಣಿ ಕಾಣುವ ತಿರುವು ಬಂದಾಗ ನಿಂತು ನೋಡಿದೆ. ತೆಳ್ಳಗೆ ಹೊಗೆ ಏಳುತ್ತಿತ್ತು. ಒಳ್ಳೆಯ ಉರಿಯ ಹೊಗೆ.

ಬಾಗಿಲು ತೆಗೆದವರು ರಾಧಾಬಾಯಿ. ಅಳಿಯನ ಕೋಟು ಮೈಮೇಲಿರಲಿಲ್ಲ, ಕಾಲುಚೀಲವೂ ಇಲ್ಲ. ಒಳಗಿನ ಶಾಖ ಮುಖಕ್ಕೆ ಬಡಿದು ನನ್ನ ಕನ್ನಡಕ ಮಂಜಾಯಿತು. ಒರೆಸಿಕೊಂಡು ನೋಡಿದರೆ ಕಲ್ಲುಹಾಸಿನ ಮೇಲೆ ರಂಗೋಲಿ, ಒಲೆಯ ಮೇಲೆ ಸಾರು, ಪಕ್ಕದ ಕೋಣೆಯಲ್ಲಿ ಸುಮಿತ್ರಾ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು, ಅವಳ ಮಗ್ಗುಲಲ್ಲಿ ಒಂದು ಸಣ್ಣ ಗಂಟು. ಪ್ರಕಾಶ್ ಬೆಳಗ್ಗೆ ನೆರೆಯವರ ಜೊತೆ ಮರ ಕಡಿಯಲು ಹೋಗಿ ಕೆಸರಾಗಿ ಬಂದು, ಆಗಷ್ಟೇ ಸ್ನಾನ ಮಾಡಿ, ಸೋಫಾದಲ್ಲಿ ನಿದ್ದೆ ಹೋಗಿದ್ದರು.

ನಾನು ಚೀಲದಿಂದ ಥರ್ಮಾಮೀಟರು ತೆಗೆದೆ.

"ಅದನ್ನ ಒಳಗಿಡು" ಎಂದರು ರಾಧಾಬಾಯಿ. "ಮೈಯೆಲ್ಲ ನೀರ ಸುರೀಲಿಕತ್ತದ. ಕೂಸಿನ ಹತ್ರ ಹಿಂಗ ಬರೂದಿಲ್ಲ. ನಡಿ, ಎರಕೋ."

"ಬೇಡ ಅಮ್ಮಾ. ನಾನು ಗ್ರಾಹಕರ ಮನೆಯಲ್ಲಿ ಏನೂ..."

"ಯಾರ ಗ್ರಾಹಕರು? ನಡಿ ಅಂದ್ನಲ್ಲ."

"ಬಾಣಂತಿ ಸ್ನಾನ ಆಗಿದೆಯಾ?"

"ಆಗೇದ."

"ಪ್ರಕಾಶ್ ಅವರದೂ ಆಗಿದೆ. ಹಾಗಾದರೆ ನಾನು ಮೂರನೆಯವಳು. ನೀರಿರುವುದಿಲ್ಲ."

ರಾಧಾಬಾಯಿ ತಮ್ಮದೊಂದು ಒಗೆದ ಸೀರೆಯನ್ನೂ ಟವೆಲನ್ನೂ ನನ್ನ ಕೈಗೆ ತುರುಕಿ ಬಚ್ಚಲಿಗೆ ನೂಕಿ ಬಾಗಿಲು ಎಳೆದುಕೊಂಡರು.

ಬಕೆಟ್ಟಿಟ್ಟು ನಲ್ಲಿ ತಿರುಗಿಸಿದೆ. ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ತಣ್ಣೀರು ಬರುವುದನ್ನು ಕಾದೆ. ನಕ್ಷೆ ಬರೆದವಳು ನಾನು, ನನಗೆ ಗೊತ್ತಿತ್ತು. ಬಿಸಿನೀರು ಬಂತು. ಕೊಳವೆಯಲ್ಲಿ ಉಳಿದದ್ದಿರಬೇಕು ಎಂದುಕೊಂಡೆ. ಬಕೆಟ್ಟು ತುಂಬಿತು, ಹಬೆ ಏಳುತ್ತಲೇ ಇತ್ತು. ತಂಬಿಗೆಯಿಂದ ತಲೆಯ ಮೇಲೆ ಹಾಕಿಕೊಂಡೆ. ಎಷ್ಟರವರೆಗೆ ಬರುತ್ತದೆ ನೋಡೋಣ ಎಂದು ತಂಬಿಗೆ ಎಣಿಸುತ್ತಿದ್ದೆ. ಹತ್ತೊಂಬತ್ತರ ನಂತರ ಎಣಿಕೆ ತಪ್ಪಿತು. ಬಚ್ಚಲಿನಲ್ಲಿ ಕೂತು ಬಿಸಿನೀರು ಹಾಕಿಕೊಳ್ಳದೆ ಆರು ವರ್ಷವಾಗಿತ್ತು.

ಆ ಕಡೆ ಅಡಿಗೆಮನೆಯಲ್ಲಿ ಒಲೆಯ ಬಾಗಿಲು ತೆಗೆದ ಸದ್ದು, ಒಂದು ಕೊರಡು ಒಳಗೆ ಬಿದ್ದ ಸದ್ದು, ಬಾಗಿಲು ಹಾಕಿದ ಸದ್ದು ಕೇಳಿಸಿತು. ಬೆಳಗಿನಿಂದ ಅವರು ಹೀಗೆ ಸೌದೆ ಹಾಕುತ್ತ ಅದರ ಎದುರಿನಿಂದ ಎದ್ದಿರಲಿಲ್ಲ ಎಂದು ಆಮೇಲೆ ಸುಮಿತ್ರಾ ಹೇಳಿದಳು.

"ಸಾಕಾತೇನು ತಂಗಿ?" ರಾಧಾಬಾಯಿ ಬಾಗಿಲ ಹೊರಗಿನಿಂದ ಕೂಗಿದರು. "ಇನ್ನೂ ಅದ ನೀರು."

ನನ್ನ ಲೆಕ್ಕದ ಪ್ರಕಾರ ಇರಬಾರದಿತ್ತು. ಇನ್ನೊಂದು ಬಕೆಟ್ಟು ಹಿಡಿದೆ.